ಮೂಗು ಕಟ್ಟಿದವನಿಗೆ ಬಂದ ಕ್ಯಾರಿಯರ್

ಪುನರ್ವಸು ಮಳೆ ಬಿಡದೆ ಹಿಡಿದಿದ್ದ ಜುಲೈ ತಿಂಗಳ ಒಂದು ಶುಕ್ರವಾರ ಸಂಜೆ ನನಗೆ ನೆಗಡಿ ಶುರುವಾಯಿತು. ತುಂಗೆಯಲ್ಲಿ ನೀರೇರಿ ನಮ್ಮ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿದೆಯೆಂಬ ಸುದ್ದಿ ಹಬ್ಬಿದೊಡನೆ ಊರಿನ ಅರ್ಧ ಜನರಂತೆ ನಾನೂ ಹೋಗಿ, ಹೊಳೆ ನೋಡುತ್ತ ನಿಂತು, ನೆನೆದು ಬಂದಿದ್ದೆ. ಅದೇ ಕಾರಣವೆಂದು ಪತ್ನಿ ಫೋನಿನಲ್ಲಿ ತೀರ್ಪು ಕೊಟ್ಟಳು. ನೆಗಡಿ ತರುವುದು ವೈರಸ್ಸೇ ಹೊರತು ಮಳೆನೀರಲ್ಲವೆಂದೂ, ಮಂಗಳವಾರದಿಂದಲೇ ನನ್ನ ತರಗತಿಯ ಮುಂದಿನ ಎರಡು ಬೆಂಚುಗಳು ಸೀನುತ್ತಿದ್ದವೆಂದೂ ವಾದಿಸುವುದಕ್ಕೆ ಬೇಕಾದಷ್ಟು ಗಂಟಲು ಆಗ ನನ್ನಲ್ಲಿ ಉಳಿದಿರಲಿಲ್ಲ. ಸಸಿ ನೆಟ್ಟಿಯ ಕೆಲಸಕ್ಕೆಂದು ಅವಳು ಸಾಗರದ ಕಡೆಯ ತವರಿಗೆ ಹೋಗಿ ನಾಲ್ಕು ದಿನವಾಗಿತ್ತು. ಮನೆಯಲ್ಲಿ ಅಕ್ಕಿಯಿತ್ತು, ಬೇಳೆಯಿತ್ತು, ಎದ್ದು ನಿಂತು ಒಗ್ಗರಣೆ ಹಾಕುವ ಮನಸ್ಸು ಮಾತ್ರ ಇರಲಿಲ್ಲ.

ಆ ರಾತ್ರಿ ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಆ್ಯಪ್ ತೆರೆದು ಪೇಟೆಯ ಯಾವುದೋ ಹೋಟೆಲಿನಿಂದ ಟೊಮೆಟೊ ಸೂಪು ಮತ್ತು ಫ್ರೈಡ್ ರೈಸ್ ತರಿಸಿದೆ. ಮಳೆಯಲ್ಲಿ ಐವತ್ತು ನಿಮಿಷ ಅಲೆದು ಬಂದ ಸೂಪು ತಣ್ಣಗಾಗಿ, ಕಾರ್ನ್‌ಫ್ಲೋರಿನ ಗಂಟುಗಳೊಡನೆ ಅಂಟಿನಂತಾಗಿತ್ತು. ಅನ್ನದಲ್ಲಿ ಎಣ್ಣೆಯ ಜಿಡ್ಡಲ್ಲದೆ ಬೇರೇನೂ ಬಾಯಿಗೆ ತಿಳಿಯಲಿಲ್ಲ. ತಪ್ಪು ಹೋಟೆಲಿನವರದೇ ಎಂದು ನಾನು ಹೇಳಲಾರೆ. ಆರೋಗ್ಯವಾಗಿದ್ದವನಿಗೆ ಅದೇ ಫ್ರೈಡ್ ರೈಸ್ ರುಚಿಸುತ್ತಿತ್ತೋ ಏನೋ, ಏಕೆಂದರೆ ಅಂಥ ಅಡುಗೆಯ ಆಕರ್ಷಣೆಯೆಲ್ಲ ಅದರ ಘಮದಲ್ಲಿದೆ, ಮತ್ತು ನೆಗಡಿಯಾದವನಿಗೆ ಘಮವೆಂಬುದೇ ಇಲ್ಲ.

ಶನಿವಾರ ಬೆಳಿಗ್ಗೆ ನಾನು ಫೋನು ಮಾಡಿದ್ದು ವಿನೋಬನಗರದಲ್ಲಿ ನಮ್ಮಿಂದ ಮೂರು ಅಡ್ಡರಸ್ತೆ ಆಚೆಗಿರುವ ಒಂದು ಮನೆಗೆ. ಈ ಬರಹ ಆ ಮನೆಯ ಊಟದ ಕುರಿತಾದದ್ದು. ಅದಕ್ಕೆ ಬೋರ್ಡಿಲ್ಲ, ಹೆಸರೂ ಇಲ್ಲ. ತಾಯಿ ಮತ್ತು ಮಗ ಇಬ್ಬರೇ ನಡೆಸುವ ಸಸ್ಯಾಹಾರಿ ಮೆಸ್ ಅದು. ಕುಳಿತು ಉಣ್ಣುವ ಏರ್ಪಾಡಿಲ್ಲ, ಎಲ್ಲವೂ ಕ್ಯಾರಿಯರಿನಲ್ಲೇ ಹೋಗುತ್ತದೆ. ಹಿಂದಿನ ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮರುದಿನದ ಅಡುಗೆ ಏನೆಂದು ಬರುತ್ತದೆ, ಬೆಳಿಗ್ಗೆ ಹತ್ತರೊಳಗೆ ಬೇಕು ಎಂದು ತಿಳಿಸಬೇಕು, ಹನ್ನೆರಡೂವರೆಯಿಂದ ಒಂದೂವರೆಯೊಳಗೆ ಮಗ ಸ್ಕೂಟರಿನಲ್ಲಿ ತಂದುಕೊಡುತ್ತಾನೆ. ನಾಲ್ಕು ಬಟ್ಟಲಿನ ಸ್ಟೀಲ್ ಕ್ಯಾರಿಯರಿಗೆ 300 ರೂಪಾಯಿ ಠೇವಣಿ; ಹಿಂದಿನ ದಿನದ್ದನ್ನು ತೊಳೆದಿಟ್ಟಿದ್ದರೆ ಅದನ್ನು ಒಯ್ದು ಹೊಸದನ್ನು ಕೊಡುತ್ತಾನೆ. ದಿನದ ಊಟಕ್ಕೆ 90 ರೂಪಾಯಿ. ಪಥ್ಯದ ಊಟಕ್ಕೆ 110. ಕಡಿಮೆ ತಿನ್ನುವ ರೋಗಿಗೇಕೆ ಹೆಚ್ಚು ಬೆಲೆಯೆಂದು ಮೊದಲು ನನಗೂ ಅನ್ನಿಸಿತ್ತು.

ಗುಂಪಿನಲ್ಲಿ ಒಂದು ಸಾಲು ಬರೆದು ಹಾಕಬಹುದಿತ್ತು. ಆದರೆ ಕನ್ನಡಕ ಎಲ್ಲಿಟ್ಟೆನೆಂದು ನೆನಪಾಗದ ಕಾರಣ ಫೋನೇ ಮಾಡಿದೆ, ಅದು ಒಳ್ಳೆಯದೇ ಆಯಿತು. ನಾನು ಎರಡು ಮಾತಾಡುವಷ್ಟರಲ್ಲಿ ಆಕೆ ತಡೆದು, “ಎಂತ ಮೇಷ್ಟ್ರೇ, ದನಿ ಹೀಗೆ ಕೂತಿದೆ? ಮೂಗು ಕಟ್ಟಿದ್ಯಾ, ಸೋರ್ತಿದ್ಯಾ?” ಎಂದರು. ಎರಡಕ್ಕೂ ಏನು ವ್ಯತ್ಯಾಸವೆಂದು ಕೇಳಿದ್ದಕ್ಕೆ, ಕಟ್ಟಿದ್ದರೆ ಒಂದು ಸಾರು, ಸೋರುತ್ತಿದ್ದರೆ ಇನ್ನೊಂದು ಸಾರು ಎಂದು ಉತ್ತರ ಬಂತು. ಕಟ್ಟಿದೆ ಎಂದೆ. “ಸರಿ ಹಾಗಾದ್ರೆ, ಮಲ್ಕೊಂಡಿರಿ” ಎಂದು ಇಟ್ಟುಬಿಟ್ಟರು.

ಮಧ್ಯಾಹ್ನ ಬಂದ ಕ್ಯಾರಿಯರಿನ ಕೆಳಗಿನ ಬಟ್ಟಲಲ್ಲಿ ಮೆಣಸಿನ ಸಾರು, ಅದರ ಮೇಲೆ ಕುಸುಬಲಕ್ಕಿಯ ಗಂಜಿ, ಅದರ ಮೇಲೆ ಹುರುಳಿಕಾಳಿನ ಪಲ್ಯ, ತುದಿಯ ಬಟ್ಟಲಲ್ಲಿ ಒಂದು ಅಪ್ಪೆಮಿಡಿ ಮತ್ತು ಎರಡು ಹಪ್ಪಳ. ಈ ಜೋಡಣೆಯಲ್ಲೇ ಒಂದು ಲೆಕ್ಕಾಚಾರವಿದೆ. ಅತಿ ಬಿಸಿಯಾಗಿರಬೇಕಾದ ಸಾರನ್ನು ಅಡಿಯಲ್ಲಿಟ್ಟು, ಬೇಗ ಬಿಸಿಯಾರದ ದಪ್ಪ ಗಂಜಿಯನ್ನು ಅದರ ಮೇಲೆ ಮುಚ್ಚಳದಂತೆ ಕೂರಿಸಿ, ಇಡೀ ಕ್ಯಾರಿಯರನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕಳುಹಿಸಿದ್ದರು. ಬಾಗಿಲಲ್ಲಿ ಟವೆಲು ಬಿಚ್ಚಿ ತೆಗೆದುಕೊಂಡು ಹೋದ ಹುಡುಗ ಅದನ್ನು ಮುಂದಿನ ಮನೆಯ ಕ್ಯಾರಿಯರಿಗೆ ಸುತ್ತಿರಬೇಕು. ಮುಚ್ಚಳ ತೆಗೆದಾಗ ಸಾರಿನಿಂದ ಆವಿ ಏಳುತ್ತಿತ್ತು. ಹಿಂದಿನ ರಾತ್ರಿಯ ಸೂಪಿನ ನಂತರ ಆ ಆವಿ ಕಂಡದ್ದೇ ಒಂದು ಸಮಾಧಾನ.

ಮೆಣಸಿನ ಸಾರಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಈ ಮೆಸ್ಸಿನ ಜಾಣತನವೆಲ್ಲ ಅದರಲ್ಲಿತ್ತು. ನಾವು ರುಚಿ ಎಂದು ಕರೆಯುವುದರಲ್ಲಿ ನಾಲಿಗೆಯ ಪಾಲು ಚಿಕ್ಕದು: ಉಪ್ಪು, ಹುಳಿ, ಸಿಹಿ, ಕಹಿ ಮತ್ತು ಉಮಾಮಿ ಎಂದು ಕರೆಯುವ ರಸರುಚಿ, ಇಷ್ಟೇ. ಉಳಿದದ್ದೆಲ್ಲ, ಅಂದರೆ ಇಂಗು, ಕರಿಬೇವು, ತುಪ್ಪ, ಕೊತ್ತಂಬರಿ ಇವುಗಳನ್ನು ಒಂದರಿಂದ ಒಂದು ಬೇರೆಯೆಂದು ಗುರುತಿಸುವುದು, ಜಗಿಯುವಾಗ ಬಾಯಿಯ ಹಿಂಭಾಗದಿಂದ ಮೂಗಿನ ಮೇಲ್ತುದಿಗೆ ಏರುವ ವಾಸನೆಯ ಕೆಲಸ. ನೆಗಡಿಯಲ್ಲಿ ಮೂಗಿನ ಒಳಪೊರೆ ಊದಿಕೊಂಡು, ಸಿಂಬಳ ತುಂಬಿ, ಆ ದಾರಿಯೇ ಮುಚ್ಚಿಹೋಗುತ್ತದೆ. ಆದರೆ ಖಾರ ಆ ದಾರಿಯನ್ನು ಅವಲಂಬಿಸಿದ್ದಲ್ಲ. ಕಾಳುಮೆಣಸಿನ ಪೈಪರಿನ್ ಆಗಲಿ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಆಗಲಿ, ಮುಟ್ಟುವುದು ಬಿಸಿ ಮತ್ತು ಉರಿಯನ್ನು ತಿಳಿಸುವ ಮುಖದ ನರವನ್ನು. ಮೂಗು ಪೂರ್ತಿ ಕಟ್ಟಿದ್ದರೂ ಆ ನರ ಎಚ್ಚರವಾಗಿಯೇ ಇರುತ್ತದೆ. ಹಾಗಾಗಿ ನೆಗಡಿಯಾದವನಿಗೆ ಬಡಿಸುವವರ ಕೈಯಲ್ಲಿ ಉಳಿಯುವ ಸಾಧನಗಳು ಕೆಲವೇ: ಬಿಸಿ, ಖಾರ, ಹುಳಿ, ಉಪ್ಪು ಮತ್ತು ಬಾಯಲ್ಲಿ ಪದಾರ್ಥ ಮೆತ್ತಗಿದೆಯೋ ತರಿಯಾಗಿದೆಯೋ ಎಂಬ ಹದ.

ಈ ಸಾರು ಅಷ್ಟರಿಂದಲೇ ಕಟ್ಟಿದ್ದು. ಮೆಣಸನ್ನು ನುಣ್ಣಗೆ ಪುಡಿ ಮಾಡದೆ ತರಿತರಿಯಾಗಿ ಕುಟ್ಟಿದ್ದರಿಂದ ಒಂದೊಂದು ಗುಟುಕಿನಲ್ಲೂ ಖಾರ ಒಂದೊಂದು ಕಡೆ ತಾಗುತ್ತಿತ್ತು, ಒಮ್ಮೆ ನಾಲಿಗೆಯ ತುದಿಯಲ್ಲಿ, ಒಮ್ಮೆ ಗಂಟಲಿನ ಆಳದಲ್ಲಿ. ಹುಳಿಗೆ ಹುಣಸೆಯ ಬದಲು ಒಣಗಿಸಿದ ವಾಟೆಹುಳಿ ಹಾಕಿದ್ದರು. ಅದರ ಹುಳಿ ಹುಣಸೆಯಷ್ಟು ಗಾಢವಲ್ಲ, ತೆಳ್ಳಗೆ ಚುರುಕಾಗಿ ಬಂದು ಬೇಗ ಹೋಗುತ್ತದೆ, ಕುಡಿಯುವ ಸಾರಿಗೆ ಹೇಳಿ ಮಾಡಿಸಿದ್ದು. ಬೇಳೆಯ ಕಟ್ಟು ಹೆಸರಿಗೆ ಮಾತ್ರ ಇತ್ತು. ಎರಡನೆಯ ಲೋಟಕ್ಕೆ ಹಣೆ ಬೆವರಿತು, ಮೂಗು ಸುರಿಯತೊಡಗಿತು; ಬಲಗಡೆಯ ಹೊಳ್ಳೆಯಲ್ಲಿ ಸುಮಾರು ಇಪ್ಪತ್ತು ನಿಮಿಷ ಗಾಳಿಯಾಡಿತು. ಇಪ್ಪತ್ತೇ ನಿಮಿಷ, ಅದರಾಚೆ ಮತ್ತೆ ಮೊದಲಿನಂತೆ. ಸಾರು ನೆಗಡಿಯನ್ನು ವಾಸಿಮಾಡಿತೆಂದು ನಾನು ಬರೆಯುತ್ತಿಲ್ಲ. ಜೀವಶಾಸ್ತ್ರ ಪಾಠ ಮಾಡುವವನು ಹಾಗೆ ಬರೆದರೆ ವಿದ್ಯಾರ್ಥಿಗಳ ಎದುರು ತಲೆಯೆತ್ತುವ ಹಾಗಿಲ್ಲ.

ಗಂಜಿ ಸರಿಯಾದ ಹದದಲ್ಲಿತ್ತು. ಕಾಳು ಒಡೆದಿತ್ತು ಆದರೆ ಕರಗಿರಲಿಲ್ಲ, ತಿಳಿ ಬೇರೆಯಾಗಿ ಮೇಲೆ ನಿಂತಿರಲಿಲ್ಲ. ಮೂಗಿಲ್ಲದ ನಾಲಿಗೆಗೆ ಇಂಥ ಹದವೇ ರುಚಿಯ ಜಾಗದಲ್ಲಿ ನಿಲ್ಲುತ್ತದೆಯೆಂದು ಆ ದಿನ ನನಗೆ ತಿಳಿಯಿತು. ಹುರುಳಿ ಪಲ್ಯ ಉಷ್ಣವೆಂಬ ನಂಬಿಕೆಯಿಂದ ಕೊಟ್ಟದ್ದಿರಬೇಕು. ಒಣಗಿತ್ತು, ನೋಯುವ ಗಂಟಲಿಗೆ ಉಜ್ಜಿದಂತಾಯಿತು, ಅರ್ಧ ಬಿಟ್ಟೆ. ಹಪ್ಪಳದ ವಿಷಯದಲ್ಲಿ ಈ ಮೆಸ್ಸಿನವರು ಮಳೆಗಾಲಕ್ಕೆ ಸೋಲೊಪ್ಪಿಕೊಳ್ಳುವುದೇ ಮೇಲು. ಆವಿಯಾಡುವ ಬಟ್ಟಲಿನ ಮೇಲೆ ಕುಳಿತು ಬಂದ ಹಪ್ಪಳ ನೆನೆದ ಕಾಗದದಂತಿತ್ತು. ಕೊನೆಗೆ ಅತ್ತೆ ಕಳುಹಿಸಿದ್ದ ಹಲಸಿನ ಹಪ್ಪಳದ ಡಬ್ಬಿಯಿಂದ ಎರಡನ್ನು ಗ್ಯಾಸಿನ ಉರಿಯಲ್ಲೇ ಸುಟ್ಟುಕೊಂಡೆ.

ಅಪ್ಪೆಮಿಡಿಯ ಬಗ್ಗೆ ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಹೊಸನಗರ, ಸಾಗರದ ಹಳ್ಳಕೊಳ್ಳಗಳ ದಂಡೆಯ ಮರಗಳಿಂದ ಬರುವ ಈ ಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ, ಮತ್ತು ಬಲ್ಲವರು ಒಂದು ಮರದ ಮಿಡಿಯನ್ನು ಇನ್ನೊಂದರಿಂದ ಗುರುತಿಸುವುದು ಅದರ ಪರಿಮಳದಿಂದಲೇ. ತೊಟ್ಟು ಮುರಿದಾಗ ಜಿನುಗುವ ಸೊನೆಯಲ್ಲಿ ಜೀರಿಗೆಯ ವಾಸನೆ ಬಂದರೆ ಅದು ಜೀರಿಗೆ ಮಿಡಿ, ಅದಕ್ಕೆ ಬೆಲೆಯೂ ಹೆಚ್ಚು. ನನಗೆ ಬಂದದ್ದು ಜೀರಿಗೆ ಮಿಡಿಯೆಂದು ಹುಡುಗ ಹೇಳಿಯೇ ಕೊಟ್ಟಿದ್ದ. ನನ್ನ ಬಾಯಿಗೆ ಉಪ್ಪು ಮತ್ತು ಹುಳಿ ಬಿಟ್ಟರೆ ಏನೂ ದಕ್ಕಲಿಲ್ಲ. ಅರ್ಧ ಕಚ್ಚಿದ ಮಿಡಿಯನ್ನು ಎಸೆಯಲಾರದೆ ಸಣ್ಣ ಬಟ್ಟಲಲ್ಲಿ ಮುಚ್ಚಿಟ್ಟು, ಮೂಗು ಬಿಟ್ಟ ಮೇಲೆ ಬುಧವಾರ ತಿಂದೆ. ಪಥ್ಯದ ಊಟಕ್ಕೆ ಇವರು ಸಾಧಾರಣ ನಿಂಬೆಕಾಯಿ ಉಪ್ಪಿನಕಾಯಿ ಕೊಟ್ಟು, ಜೀರಿಗೆ ಮಿಡಿಯನ್ನು ಗಟ್ಟಿಮುಟ್ಟಾದ ಗಿರಾಕಿಗಳಿಗೆ ಉಳಿಸಿಕೊಳ್ಳಬೇಕೆಂಬುದು ನನ್ನ ಸಲಹೆ.

ನೆಗಡಿಯ ಉಪದ್ರವ ಸಾಮಾನ್ಯವಾಗಿ ಎರಡನೆಯ, ಮೂರನೆಯ ದಿನಕ್ಕೆ ಶಿಖರ ಮುಟ್ಟುತ್ತದೆ. ನನ್ನ ಭಾನುವಾರ ಹಾಗೆಯೇ ಇತ್ತು. ಭಾನುವಾರ ಬೆಳಿಗ್ಗೆ ಮಾತ್ರ ಈ ಮೆಸ್ಸಿನಲ್ಲಿ ತಿಂಡಿಯುಂಟು. ಎಂಟೂವರೆಗೆ ಕಡುಬು ಬಂತು, ಅಕ್ಕಿತರಿಯನ್ನು ಕುದಿಸಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು, ಜೊತೆಗೆ ಕಾಯಿ ಚಟ್ನಿ ಮತ್ತು ಒಂದು ಚಮಚ ತುಪ್ಪ. ನಾಲ್ಕು ಕಡುಬಿನಲ್ಲಿ ನಾಲ್ಕನ್ನೂ ತಿಂದೆ. ಹೊರಗೆ ಜಡಿಮಳೆ, ಕಾಲಮೇಲೆ ಕಂಬಳಿ, ಕೈಯಲ್ಲಿ ಬಿಸಿ ಕಡುಬು. ಇದರಲ್ಲಿ ವಿಮರ್ಶೆಗೆ ಏನೂ ಇಲ್ಲ.

ಕಡುಬಿನ ಜೊತೆ ಬಂದ ಕಷಾಯದಲ್ಲಿ ಮಾತ್ರ ದೊಡ್ಡ ಕೊರತೆಯಿತ್ತು. ಕೊತ್ತಂಬರಿ, ಜೀರಿಗೆ, ಮೆಣಸು, ಒಣಶುಂಠಿ ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿ, ಹಾಲು ಬೆರೆಸಿದ ನಮ್ಮ ಕಡೆಯ ಕಷಾಯ. ಹಸಿಶುಂಠಿಯ ಬದಲು ಒಣಶುಂಠಿ ಹಾಕಿದ್ದು ಸರಿಯಾದ ಆಯ್ಕೆ: ಹಸಿಶುಂಠಿಯಲ್ಲಿರುವ ಜಿಂಜರಾಲ್ ಒಣಗುವಾಗ ನೀರಿನ ಅಂಶ ಕಳೆದುಕೊಂಡು ಶೋಗಾಲ್ ಆಗುತ್ತದೆ, ಅದರ ಖಾರ ಹೆಚ್ಚು. ಅಷ್ಟೆಲ್ಲ ಮಾಡಿ ಅದನ್ನು ತುಂಬಿ ಕಳುಹಿಸಿದ್ದು ಒಂದು ಹಳೆಯ ಪ್ಲಾಸ್ಟಿಕ್ ನೀರಿನ ಬಾಟಲಿಯಲ್ಲಿ. ಬಾಟಲಿ ಮೆತ್ತಗಾಗಿತ್ತು, ಕಷಾಯ ಉಗುರುಬೆಚ್ಚಗಿತ್ತು. ಬಿಸಿ ಪೇಯದಿಂದ ಸಿಗುವ ಉಪಶಮನದಲ್ಲಿ ಬಿಸಿಯ ಪಾತ್ರವೇ ದೊಡ್ಡದು. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ನೆಗಡಿ ಸಂಶೋಧನಾ ಕೇಂದ್ರದವರು 2008ರಲ್ಲಿ ನೆಗಡಿಯಾದ 30 ಜನರಿಗೆ ಒಂದೇ ಹಣ್ಣಿನ ಪಾನಕವನ್ನು ಕೆಲವರಿಗೆ ಬಿಸಿಯಾಗಿಯೂ ಕೆಲವರಿಗೆ ಕೋಣೆಯ ತಾಪದಲ್ಲಿಯೂ ಕೊಟ್ಟು ನೋಡಿದ್ದರು. ಮೂಗಿನಲ್ಲಿ ಗಾಳಿಯ ಹರಿವನ್ನು ಅಳೆದಾಗ ಎರಡರಲ್ಲೂ ಬದಲಾವಣೆ ಕಾಣಲಿಲ್ಲ. ಆದರೆ ಬಿಸಿಯಾಗಿ ಕುಡಿದವರು ಗಂಟಲು ನೋವು, ಚಳಿ, ಆಯಾಸ ಕೂಡ ಇಳಿಯಿತೆಂದರು, ತಣ್ಣಗಿನದನ್ನು ಕುಡಿದವರಿಗೆ ಈ ಮೂರರಲ್ಲಿ ಅಂಥ ಪರಿಹಾರ ಸಿಗಲಿಲ್ಲ. ಸಾರಿಗೆ ಟವೆಲು ಸುತ್ತುವಷ್ಟು ತಿಳಿದವರು ಕಷಾಯವನ್ನು ಬಾಟಲಿಗೆ ಹಾಕಿದ್ದು ನನಗೆ ಅರ್ಥವಾಗಲಿಲ್ಲ. ಮತ್ತೆ ಕಾಯಿಸಿ ಕುಡಿದೆ. ಎದ್ದು ಒಲೆ ಹಚ್ಚಲಾರದವನು ಏನು ಮಾಡಬೇಕಿತ್ತು?

ಭಾನುವಾರ ಮಧ್ಯಾಹ್ನದ ಕ್ಯಾರಿಯರಿನಲ್ಲಿ ಅನ್ನ, ಬೇಳೆಯ ತಿಳಿಸಾರು, ಸೌತೆಕಾಯಿ ಪಲ್ಯದೊಡನೆ ದೊಡ್ಡಪತ್ರೆ ತಂಬುಳಿ ಇತ್ತು. ಪತ್ನಿಗೆ ಫೋಟೊ ಕಳುಹಿಸಿದೆ. ತಂಪು ಎಂಬುದು ಹೆಸರಿನಲ್ಲೇ ಇರುವ ಪದಾರ್ಥವನ್ನು, ಅದೂ ಮಜ್ಜಿಗೆ ಹಾಕಿದ್ದನ್ನು, ಶೀತವಾದವನಿಗೆ ಕಳುಹಿಸುವುದು ಯಾವ ನ್ಯಾಯವೆಂದು ಅವಳು ಸಿಟ್ಟಾದಳು. ಹಾಲು ಮಜ್ಜಿಗೆ ಕಫ ಹೆಚ್ಚಿಸುತ್ತವೆಂಬ ನಂಬಿಕೆ ಮಲೆನಾಡಿನದು ಮಾತ್ರವಲ್ಲ. ಆಸ್ಟ್ರೇಲಿಯಾದಲ್ಲಿ 60 ಸ್ವಯಂಸೇವಕರಿಗೆ ನೆಗಡಿ ತರುವ ರೈನೋವೈರಸ್ ಸೋಂಕು ತಗಲಿಸಿ, ಅವರು ಕುಡಿದ ಹಾಲಿನ ಲೆಕ್ಕವನ್ನೂ ಅವರ ಮೂಗಿನಿಂದ ಬಂದ ಸಿಂಬಳದ ತೂಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು, ಎರಡಕ್ಕೂ ಸಂಬಂಧ ಕಾಣಲಿಲ್ಲ. ಇದನ್ನು ಅವಳಿಗೆ ಹೇಳಿದೆ. ಸಿಂಬಳ ತೂಗಲು ಕೂತವರ ಮಾತು ನಂಬಿ ಮಜ್ಜಿಗೆ ಕುಡಿಯಬೇಡಿ ಎಂದಳು. ನಾನು ಉಂಡೆ, ಕಫ ಹೆಚ್ಚಲಿಲ್ಲ; ಆದರೂ ಈ ಮೆಸ್ಸಿನವರನ್ನು ಇಲ್ಲಿ ಸಮರ್ಥಿಸಲಾರೆ. ನನ್ನ ತಕರಾರು ಕಫದ್ದಲ್ಲ, ಅಡುಗೆಯದು. ದೊಡ್ಡಪತ್ರೆಯ ಪ್ರಾಣವೆಲ್ಲ ಅದರ ಓಮದಂಥ ವಾಸನೆಯಲ್ಲಿದೆ. ಅದನ್ನು ಕಳೆದರೆ ಉಳಿಯುವುದು ಹಸಿರು ಬಣ್ಣದ ಮಜ್ಜಿಗೆ, ಅದೂ ತಣ್ಣಗಿನದು. ಶನಿವಾರದ ಸಾರಿನಲ್ಲಿ ಕಂಡ ತಿಳಿವಳಿಕೆ ಭಾನುವಾರದ ತಂಬುಳಿಯಲ್ಲಿ ಮಾಯವಾಗಿತ್ತು. ಆ ದಿನ ನಾನು ಫೋನು ಮಾಡಿರಲಿಲ್ಲ, ಗುಂಪಿನಲ್ಲಿ “ಪಥ್ಯ 1” ಎಂದಷ್ಟೇ ಬರೆದಿದ್ದೆ.

ಭಾನುವಾರ ರಾತ್ರಿ ಊಟದ ಸೇವೆ ಇಲ್ಲ. ಆ ಹೊತ್ತಿನಲ್ಲಿ ನಾನು ತಿಂದದ್ದು ಬೇಕರಿಯ ಬೆಣ್ಣೆ ಬಿಸ್ಕತ್ತು, ಚಹಾದಲ್ಲಿ ಅದ್ದಿದ್ದು, ಎಷ್ಟೆಂದು ಲೆಕ್ಕ ಕೊಡುವುದಿಲ್ಲ. ಮೇಲಿನ ಮಹಡಿಯ ತೀರ್ಥಹಳ್ಳಿ ಕಡೆಯ ಗೆಳೆಯರು ಬಂದು ನೋಡಿ, ಇದಕ್ಕೆಲ್ಲ ಗದ್ದೆ ಏಡಿಯ ಸಾರೇ ಮದ್ದು, ಇಲ್ಲವೇ ಚಗಳಿ ಇರುವೆಯ ಚಟ್ನಿ, ಕೊನೆಗೆ ನಾಟಿಕೋಳಿ ಸಾರಾದರೂ ಬೇಕು ಎಂದು ಗದರಿದರು. ಕೋಳಿಯ ಪರವಾಗಿ ಒಂದು ಸಾಕ್ಷಿಯುಂಟು: ಅಮೆರಿಕದ ನೆಬ್ರಾಸ್ಕಾದ ಸಂಶೋಧಕರು 2000ದಲ್ಲಿ, ಉರಿಯೂತದ ಜಾಗಕ್ಕೆ ಧಾವಿಸುವ ಬಿಳಿ ರಕ್ತಕಣಗಳ ಚಲನೆಯನ್ನು ಕೋಳಿಸೂಪು ಪ್ರಯೋಗಾಲಯದಲ್ಲಿ ನಿಧಾನಗೊಳಿಸಿತೆಂದು ತೋರಿಸಿದ್ದರು. ಅದು ರೋಗಿಯ ದೇಹದಲ್ಲಿ ನಡೆದ ಪ್ರಯೋಗವಲ್ಲ, ಮತ್ತು ಮಾಂಸದ ಸಾರು ಬೇಕೆನ್ನುವವರಿಗೆ ಈ ಮೆಸ್ ದಾರಿಯೂ ಅಲ್ಲ.

ಸೋಮವಾರ ಮಧ್ಯಾಹ್ನಕ್ಕೆ ಮತ್ತೆ ಫೋನೇ ಮಾಡಿ ಮೆಣಸಿನ ಸಾರು ಕೇಳಿ ತರಿಸಿಕೊಂಡೆ. ಶನಿವಾರದಷ್ಟೇ ಚೆನ್ನಾಗಿತ್ತು, ಅನ್ನಕ್ಕೆ ಮಾತ್ರ ಉಪ್ಪು ತಪ್ಪಿತ್ತೆಂದು ತೋರಿತು. ನನ್ನ ನಾಲಿಗೆಯ ಸಾಕ್ಷಿಯನ್ನು ಆ ದಿನ ಯಾರೂ ಒಪ್ಪಬೇಕಾಗಿಲ್ಲ. ಮೂರು ದಿನಕ್ಕೆ ತಿಂಡಿಯೂ ಸೇರಿ 390 ರೂಪಾಯಿ ಆಯಿತು. ಶುಕ್ರವಾರ ರಾತ್ರಿಯ ಸೂಪು, ಅನ್ನ ಮತ್ತು ಸಾಗಣೆಗೇ 310 ಕೊಟ್ಟಿದ್ದೆ.

ಮುಂದಿನ ಶನಿವಾರ, ಮೂಗು ಪೂರ್ತಿ ಬಿಟ್ಟ ಮೇಲೆ, ಪರೀಕ್ಷೆಗೆಂದೇ ಅದೇ ಮೆಣಸಿನ ಸಾರನ್ನು ತರಿಸಿದೆ. ಪತ್ನಿಯೂ ಊರಿನಿಂದ ಮರಳಿದ್ದಳು, ಇಬ್ಬರಿಗೂ ಕ್ಯಾರಿಯರ್. ಬೆಳ್ಳುಳ್ಳಿ ಒಗ್ಗರಣೆಯ, ತುಪ್ಪದ, ಕರಿಬೇವಿನ ಘಮ ಮುಚ್ಚಳ ತೆಗೆಯುವ ಮೊದಲೇ ಬಂತು. ಸಾರು ಹಿತವಾಗಿತ್ತು, ಸೌಮ್ಯವಾಗಿತ್ತು, ಆದರೆ ಹಣೆ ಬೆವರಲಿಲ್ಲ. ಇದು ಬೇರೆ ಸಾರೆಂದು ನನಗನ್ನಿಸಿತು. ಘಮ ಸಿಕ್ಕಿದ್ದರಿಂದ ಖಾರ ಹಿಂದೆ ಸರಿದಂತೆ ಕಂಡಿರಬಹುದೆಂದು ಮೊದಲು ಭಾವಿಸಿದ್ದೆ, ಅನುಮಾನ ಪರಿಹಾರಕ್ಕೆ ಕ್ಯಾರಿಯರ್ ಹಿಂದಿರುಗಿಸುವ ನೆಪದಲ್ಲಿ ಅವರ ಮನೆಗೇ ಹೋದೆ. ಆಕೆ ನಕ್ಕರು. “ಅವತ್ತು ನಿಮ್ಮದಕ್ಕೆ ಬೇರೆ ಪಾತ್ರೆ ಇಟ್ಟು ಮೆಣಸು ಎರಡು ಪಾಲು ಕುಟ್ಟಿ ಹಾಕಿದ್ದೆ ಮೇಷ್ಟ್ರೇ. ಒಗ್ಗರಣೆ ಹಾಕ್ಲೇ ಇಲ್ಲ, ನಿಮಗೆ ಗೊತ್ತಾಗ್ತಾ ಇರ್ಲಿಲ್ಲ ಅಲ್ವ? ಎಲ್ಲರಿಗೂ ಹಾಗೆ ಕೊಟ್ರೆ ಕ್ಯಾರಿಯರ್ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತೆ.”

ಪಥ್ಯದ ಊಟಕ್ಕೆ ಹೆಚ್ಚಿಗೆ ತೆಗೆದುಕೊಳ್ಳುವ ಇಪ್ಪತ್ತು ರೂಪಾಯಿ ಆ ಬೇರೆ ಪಾತ್ರೆಗೆ. ಆದ್ದರಿಂದ ಇಲ್ಲಿಂದ ತರಿಸುವವರು ಗುಂಪಿನಲ್ಲಿ ಬರೆದು ಸುಮ್ಮನಾಗದೆ ಫೋನು ಮಾಡಿ, ಮೂಗು ಹೇಗಿದೆ, ಗಂಟಲು ಹೇಗಿದೆಯೆಂದು ಬಾಯಿಬಿಟ್ಟು ಹೇಳಬೇಕು. ತಂಬುಳಿ ಬೇಡವಾದರೆ ಅದನ್ನೂ ಆಗಲೇ ಹೇಳಬೇಕು. ಕಷಾಯದ ಬಾಟಲಿಯ ವಿಷಯವನ್ನು ನಾನು ಆ ದಿನವೇ ಪ್ರಸ್ತಾಪಿಸಿದೆ. ಎಲ್ಲರಿಗೂ ಫ್ಲಾಸ್ಕ್ ಕೊಟ್ಟರೆ ಎಷ್ಟು ಹಿಂದಿರುಗುತ್ತವೆಯೋ ಎಂಬುದು ಅವರ ಚಿಂತೆ, ಅದೂ ಸುಳ್ಳಲ್ಲ. ನಮ್ಮ ಮನೆಯಲ್ಲಿದ್ದ ಅರ್ಧ ಲೀಟರಿನ ಫ್ಲಾಸ್ಕಿಗೆ ಹೆಸರು ಬರೆದ ಚೀಟಿ ಅಂಟಿಸಿ ಅವರಲ್ಲೇ ಬಿಟ್ಟು ಬಂದಿದ್ದೇನೆ; ಮಳೆಗಾಲ ಇನ್ನೂ ಎರಡು ತಿಂಗಳಿದೆ.